ಕಾಕಾನ ಪಾಳಿಯಲ್ಲಿ ನಾನೆತ್ತಿದ ತೂಬು

ಹೊನ್ನೂರಸ್ವಾಮಿಯ ಕೈಯಿಂದ ನಮ್ಮ ಆಟದ ಅಕೌಂಟು ಹಾಳಾಯಿತು ಎಂಬುದು ನಮ್ಮ ಗೆಳೆಯರ ಬಳಗದಲ್ಲಿ ಈಗ ಯಾರೂ ಚರ್ಚಿಸದ ಸತ್ಯ. ಅವನು ಗುರುತಿಲ್ಲದ ಯಾವುದೋ ತಾಣದಿಂದ ಒಂದು ಫೈಲು ಇಳಿಸಿಕೊಂಡ, ಅದರ ಬೆನ್ನಿಗೆ ಕಳ್ಳರು ನುಗ್ಗಿದರು, ಪಾಸ್‌ವರ್ಡ್ ಕದ್ದರು, ಆಟ ಮಾರುವ ಆನ್‌ಲೈನ್ ಅಂಗಡಿಯವರು ಬಾಗಿಲು ಹಾಕಿದರು — ಕಥೆ ಇಷ್ಟೇ. ಬಸವರಾಜನ ಮದುವೆಯಲ್ಲಿ ಮೈಕು ಕೈಕೊಟ್ಟಾಗಲೂ ಹಿಂದಿನಿಂದ ಯಾರೋ ಕೂಗಿದರು, "ಹೊನ್ನೂರ ಮುಟ್ಟಿದ್ನೇನ್ಲೇ ಅದನ್ನ?" ಎಲ್ಲರೂ ನಕ್ಕರು. ಹೊನ್ನೂರನೂ ನಕ್ಕ.

ಈ ಕಥೆಯನ್ನು ಯಾರಾದರೂ ಒಮ್ಮೆ ಪ್ರಶ್ನಿಸಿದ್ದರೆ ಅದು ನಿಲ್ಲುತ್ತಿರಲಿಲ್ಲ. ಕಳ್ಳರು ಬಂದರೆನ್ನುತ್ತೀರಿ, ಸರಿ — ಏನನ್ನು ಕದ್ದರು? ಯಾವ ಕಳ್ಳ ಬೇರೆಯವರ ಅಕೌಂಟಿಗೆ ನುಗ್ಗಿ, ಯಾರೂ ಕೇಳದ ಒಂದು ಹಳೆಯ ರೈಲಿನ ಆಟದ ಎರಡನೇ ಭಾಗವನ್ನು ತನ್ನ ದುಡ್ಡಿನಿಂದ ಕೊಂಡು ಅಲ್ಲಿಡಲು ನೋಡುತ್ತಾನೆ? ಯಾರೂ ಕೇಳಲಿಲ್ಲ. ಕೇಳದ ಹಾಗೆ ಆ ಕಥೆಯನ್ನು ಹೊಲಿದವಳು ನಾನು. ಕಳ್ಳರು ಬಂದಿರಲಿಲ್ಲ. ಒಳಗೆ ಹೋದವಳು ನಾನೇ.

ಹೇಳಿಬಿಟ್ಟೆ. ಇಷ್ಟು ಸಣ್ಣ ವಾಕ್ಯ ಅದು. ಇದನ್ನು ನುಂಗಿಕೊಂಡು ಇಷ್ಟು ವರ್ಷ ಬೇರೆ ಎಷ್ಟೋ ದೊಡ್ಡ ವಾಕ್ಯಗಳನ್ನು ವೇದಿಕೆಯ ಮೇಲೆ ನಿಂತು ಹೇಳಿದ್ದೇನೆ.

ನಾನು ಹೊಸಪೇಟೆಯ ಪಲ್ಲವಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯ ಹುಟ್ಟುತ್ತಿತ್ತು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ — ಎರಡರಲ್ಲೂ ಗೆಲ್ಲುತ್ತಿದ್ದೆ. ಗೆಳೆಯರು ಲಾಯರಮ್ಮ ಎಂದು ಕರೆಯುತ್ತಿದ್ದರು. ಬಸವರಾಜ ಕಂಪ್ಲಿಯವನು, ಮನೆಯವರದು ಅಕ್ಕಿ ಗಿರಣಿ, ಕಾಲುವೆಯ ಕೆಳಗೆ ಗದ್ದೆ. ಹೊನ್ನೂರ ಕುರೆಕುಪ್ಪದವನು. ಅವನ ಅಪ್ಪ ಗಾದಿಲಿಂಗಪ್ಪ — ನನಗೆ ಕಾಕಾ — ರೈಲಿಗೆ ಅದಿರು ತುಂಬುವ ಸೈಡಿಂಗಿನಲ್ಲಿ ದುಡಿದು, ಸೊಂಟ ಮುರಿದುಕೊಂಡು ಮನೆ ಸೇರಿದವರು. ನಾವು ಮೂವರೂ ಹೊಸಪೇಟೆಯಲ್ಲಿ ಪಿಯುಸಿಯನ್ನು ಒಂದೇ ತರಗತಿಯಲ್ಲಿ ಓದಿದೆವು. ಆಮೇಲೆ ಒಬ್ಬ ಗಿರಣಿಗೆ, ಒಬ್ಬ ಡಿಪ್ಲೊಮಾಕ್ಕೆ, ನಾನು ಬಿ.ಎ.ಗೆ ಹೋದರೂ ಒಂದು ಆಟ ನಮ್ಮನ್ನು ಹಿಡಿದಿಟ್ಟಿತ್ತು.

ಅದೊಂದು ಹಳೆಯ ಕಂಪ್ಯೂಟರ್ ಆಟ. ಗುಡ್ಡ, ಹೊಳೆ, ಊರುಗಳ ನಡುವೆ ಹಳಿ ಹಾಕಬೇಕು, ಗೂಡ್ಸ್ ಗಾಡಿ ಓಡಿಸಬೇಕು, ಒಂದೂರಿನ ಭತ್ತ ಇನ್ನೊಂದೂರಿಗೆ, ಅಲ್ಲಿಯ ಕಟ್ಟಿಗೆ ಮತ್ತೊಂದೂರಿಗೆ. ಅದರಲ್ಲಿ ಶತ್ರುಗಳಿಲ್ಲ, ಬಂದೂಕಿಲ್ಲ. ಬಸವರಾಜ ಅದನ್ನು ತನ್ನ ಹೆಸರಿನ ಅಕೌಂಟಿನಲ್ಲಿ ಕೊಂಡಿದ್ದ. ಕೆಲವೇ ತಿಂಗಳಲ್ಲಿ ಅಂಗಡಿಯ ಪುಟದಲ್ಲಿ ಬೆಲೆ ಇದ್ದ ಜಾಗಕ್ಕೆ ಒಂದು ಸಾಲು ಬಂತು: ಇದು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಕೊಂಡವರಿಗೆ ಆಟ ಉಳಿಯಿತು, ಕೊಳ್ಳದವರಿಗೆ ಇಲ್ಲ. ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಹಕ್ಕು ಯಾರ ಕೈಯಲ್ಲಿದೆ ಎಂದು ಯಾರಿಗೂ ಸರಿಯಾಗಿ ತಿಳಿಯದು. ಹೊಸ ಕಂಪ್ಯೂಟರುಗಳಲ್ಲಿ ಸುರಂಗ ಹೊಕ್ಕ ಗಾಡಿ ಹೊರಗೆ ಬರುತ್ತಲೇ ಇರಲಿಲ್ಲ. ಆಟದ ಪುಟದ ಕೆಳಗೆ ಜನ ಕೇಳಿದ ಪ್ರಶ್ನೆಗಳಿದ್ದವು, ಉತ್ತರ ಕೊಡುವವರಿರಲಿಲ್ಲ.

ಅದನ್ನು ನಡೆಸುವ ಹಾಗೆ ಮಾಡಿದವನು ಹೊನ್ನೂರ. ಯಾವುದೋ ದೇಶದ, ಹೆಸರಿಲ್ಲದ ಒಬ್ಬ ಅಭಿಮಾನಿ ಬರೆದಿಟ್ಟ ಪ್ಯಾಚುಗಳನ್ನು, ಅಂದರೆ ಆಟದ ದೋಷ ಸರಿಪಡಿಸುವ ಫೈಲುಗಳನ್ನು, ಹುಡುಕಿ ತಂದು, ಬಿಚ್ಚಿ ನೋಡಿ, ತಿದ್ದಿ ಹಾಕುತ್ತಿದ್ದ. ಅಪ್ಪನಿಗೆ ಕಾಣಲೆಂದು ತೆರೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿದ್ದ. ಕಾಕಾ ಪ್ರತಿದಿನ ಬೆಳಿಗ್ಗೆ ಗೋಡೆಗೆ ದಿಂಬು ಒತ್ತಿಕೊಂಡು ಕುಳಿತು ಆಡುತ್ತಿದ್ದರು. ಆಡುವುದು ಅನ್ನುವುದಕ್ಕಿಂತ — ಕೆಲಸಕ್ಕೆ ಹೋಗುತ್ತಿದ್ದರು. "ಏ, ಹಿಂದಕ ತಗಿ, ಹಿಂದಕ ತಗಿ, ಬಡಿತೈತಿ," ಎಂದು ತೆರೆಯನ್ನು ಗದರಿಸುತ್ತಿದ್ದರು. ಅವರಿಗಿದ್ದುದು ಒಂದೇ ತಕರಾರು.

"ಎಲ್ಲಾ ಐತಿ ಇದರಾಗ. ಅದಿರು ಇಲ್ಲಲ್ಲವ್ವ. ಅದಿರಿಲ್ದ ಇದೆಂಥ ಗೂಡ್ಸು?"

ಅದಿರು ಎರಡನೇ ಭಾಗದಲ್ಲಿತ್ತು. ಎರಡನೇ ಭಾಗ ನಮ್ಮ ಪ್ರದೇಶದಲ್ಲಿರಲಿಲ್ಲ.

ಒಂದೇ ಅಕೌಂಟು, ಮೂರು ಮನೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಅದಕ್ಕೆ ಬಸವರಾಜನೇ ಉಪಾಯ ಹೇಳಿದ. ಮಲಪನಗುಡಿಯ ಹಳೆಯ ಬಾವಿಯ ಮೆಟ್ಟಿಲ ಮೇಲೆ ಕುಳಿತಿದ್ದೆವು; ಮೂವರಿಗೂ ಅದೇ ಸೇರುವ ಜಾಗ.

"ಕಾಲುವಿ ನೀರಿನಂಗ ಪಾಳಿ ಹಚ್ಕಳಣು," ಎಂದ. "ಬೆಳಿಗ್ಗಿ ಗಾದಿಲಿಂಗಪ್ಪ ಕಾಕಾಂದು, ಹೊನ್ನೂರಂದು. ಮಧ್ಯಾಹ್ನ ಲಾಯರಮ್ಮಂದು. ಗಿರಣಿ ಬಂದಾದ ಮ್ಯಾಲೆ ನಂದು."

"ಯಾರರ ಪಾಳಿ ತಪ್ಪಿಸಿದ್ರ?" ನಾನು ಕೇಳಿದೆ. ನಿಯಮ ಎಂದರೆ ಅದರ ತೂತು ಮೊದಲು ಹುಡುಕುವುದು ನನ್ನ ಅಭ್ಯಾಸ.

"ನಮ್ ಕಡಿ ಏನ್ ಐತಿ ಗೊತ್ತೇನು? ಪಾಳಿ ಇಲ್ದಾಗ ತೂಬು ಎತ್ತಿದೋನು ಕಾಲುವಿ ಮ್ಯಾಲೆ ಬಂದು ನಿಂತು, 'ನಾನ ಎತ್ತಿದೆ' ಅನ್ನಬೇಕು. ಅಂದ್ರ ಮುಗೀತು. ಅವನ ಮುಂದಿನ ಪಾಳಿ ಹೋಗ್ತತಿ, ಅಷ್ಟ. ಮತ್ತ ಯಾರೂ ಆ ಮಾತು ತಗಿಯಂಗಿಲ್ಲ."

"ಅನ್ನದಿದ್ರ?"

"ಅನ್ನದಿದ್ರ ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡ್ಕಂತ ಕುಂದರ್ತಾರ. ಗದ್ದಿ ಒಣಗ್ತತಿ."

ಹೊನ್ನೂರ ನಕ್ಕು, "ಇಕಿ ಅನ್ನಂಗಿಲ್ಲ ಬಿಡಲೇ, ತೂಬ ಇಲ್ಲಂತ ವಾದ ಮಾಡ್ತಾಳ," ಎಂದ. ಬರೀ ತಮಾಷೆಯಾಗಿತ್ತು ಆಗ ಅದು.

ಪ್ರದೇಶದ ಈ ಬೇಲಿ ನನಗೆ ಮೊದಲಿನಿಂದಲೂ ಚುಚ್ಚುತ್ತಿತ್ತು. ಸರಕು ತೀರಿತೆಂದರೆ ಅರ್ಥವಾಗುತ್ತದೆ. ಎಂದೂ ತೀರದ ಸರಕನ್ನು ಇಟ್ಟುಕೊಂಡು, ನೀನು ನಿಂತ ನೆಲ ಸರಿಯಿಲ್ಲ, ಅದಕ್ಕೇ ಕೊಡುವುದಿಲ್ಲ ಎನ್ನುವುದು ಎಂಥ ವ್ಯಾಪಾರ? ತಾವೂ ಮಾರುವುದಿಲ್ಲ, ದುರಸ್ತಿಯನ್ನೂ ಮಾಡುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಈ ವಾದ ಇವತ್ತಿಗೂ ಸರಿಯೇ. ಅದನ್ನು ನಾನು ಹಿಂತೆಗೆಯುವುದಿಲ್ಲ. ಆದರೆ ಸರಿಯಾದ ವಾದವೊಂದನ್ನು ಮುಂದೆ ಹಿಡಿದು ಅದರ ಹಿಂದೆ ನಾನು ಅಡಗಿದೆನಲ್ಲ — ಇಲ್ಲಿ ಹೇಳಬೇಕಾದದ್ದು ಅದು.

ಒಂದು ದಿನ ಹೊನ್ನೂರನನ್ನು ಕೇಳಿದೆ: ನಾವು ಬೇರೆ ದೇಶದಲ್ಲಿ ಕುಳಿತಿದ್ದೇವೆಂದು ಅಂಗಡಿಗೆ ತೋರಿಸಲು ಬರುತ್ತದೆಯೇ?

"ಬರ್ತತಿ. ವಿಪಿಎನ್ ಅಂತ ಐತಿ. ಪೋಲೆಂಡ್‌ನಾಗ ಎರಡನೇ ಭಾಗ ಇನ್ನೂ ಮಾರ್ತಾರ, ನೋಡೀನಿ ನಾನು. ಆದರ ಮಾಡಬ್ಯಾಡ. ಸಿಕ್ಕರ ಇದ್ದದ್ದೂ ಹೋಗ್ತತಿ."

ಮಾಡಬ್ಯಾಡ ಎಂದಿದ್ದ. ಇದನ್ನು ನೆನಪಿಡಿ. ನಾನು ಮರೆಯಲು ಎಷ್ಟು ನೋಡಿದರೂ ಆಗಿಲ್ಲ.

ಅವನ ಮನೆಯವರೆಲ್ಲ ಸಂಡೂರಿಗೆ ಮದುವೆಗೆ ಹೋದ ದಿನ ಬೆಳಗಿನ ಪಾಳಿ ಖಾಲಿಯಿತ್ತು. ನಾನು ನನ್ನ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಪೋಲೆಂಡಿನವಳಾದೆ. ಅಕೌಂಟಿನ ದೇಶ ಬದಲಿಸಿದೆ, ಅಲ್ಲಿಯ ಗಿಫ್ಟ್ ಕಾರ್ಡ್ ಒಂದನ್ನು ಯಾವನೋ ಮಾರುವವನಿಂದ ತರಿಸಿ ಅದರ ಅಂಕಿ ಹೊಡೆದೆ. ಕಾಕಾ ಮದುವೆಯಿಂದ ಬಂದು ಕಂಪ್ಯೂಟರ್ ತೆರೆದಾಗ ಅದಿರಿನ ಗಾಡಿ ನಿಂತಿರಬೇಕು — ಇದು ನನ್ನ ಆಸೆಯಾಗಿತ್ತು. ಸುಳ್ಳಲ್ಲ. ಆದರೆ ಅದೊಂದೇ ಆಗಿತ್ತೇ? ಇಲ್ಲ ಎಂದವರಿಂದ ಹೌದು ಅನ್ನಿಸಿಕೊಂಡೇ ಏಳುವ ಚಟ... ಕಾಕಾನ ಅದಿರಿನಷ್ಟೇ ಅದೂ ನನ್ನನ್ನು ಕೂರಿಸಿತ್ತು. ಎಷ್ಟು ಪಾಲು ಅದು, ಎಷ್ಟು ಪಾಲು ಇದು ಎಂದು ತೂಗಲು ಹೋದಾಗಲೆಲ್ಲ ನನ್ನ ಕಡೆಗೇ ವಾಲಿಸಿ ತೂಗಿದ್ದೇನೆ. ಬಿಡಿ.

ಕೊಂಡದ್ದು ದಕ್ಕಲಿಲ್ಲ. ತೆರೆಯ ಮೇಲೆ ಚಕ್ರ ಒಮ್ಮೆ ತಿರುಗಿತು, ಅಕೌಂಟಿಗೆ ಬೀಗ ಬಿತ್ತು.

ಮೇಲ್ ಬಸವರಾಜನಿಗೆ ಹೋಯಿತು. ಪೋಲೆಂಡಿನಿಂದ ಯಾರೋ ಒಳಬಂದಿದ್ದಾರೆ, ದೇಶ ಬದಲಿಸಿ ಆಟದ ಎರಡನೇ ಭಾಗ ಕೊಳ್ಳಲು ನೋಡಿದ್ದಾರೆ, ಸಂದೇಹದ ಮೇಲೆ ಮುಚ್ಚಿದ್ದೇವೆ ಎಂದಿತ್ತು. ಅವನು ನಮ್ಮಿಬ್ಬರನ್ನೂ ಬಾವಿಗೆ ಕರೆದ. ಬರುವಾಗ ಕಮಲಾಪುರದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. ನಾನು ಮಿರ್ಚಿ ಮುಟ್ಟಲಿಲ್ಲ — ಏಕಾದಶಿಯಾಗಿತ್ತು. ನನಗೆ ನಂಬಿಕೆಯಿಲ್ಲ, ಅಮ್ಮನ ಸಮಾಧಾನಕ್ಕೆ ಹಿಡಿಯುತ್ತೇನೆ. ಆ ದಿನ ಕರಿದದ್ದನ್ನು ತಿನ್ನಲು ಅಂಜಿದ ನಾನು ಏನು ಮಾಡಲು ಅಂಜಲಿಲ್ಲ ಎಂಬುದು —

ದಾರಿಯುದ್ದಕ್ಕೂ ಹೇಳಬೇಕೆಂದೇ ಬಂದಿದ್ದೆ. ನಾನ ಎತ್ತಿದೆ. ಎರಡೇ ಮಾತು. ಬಸವರಾಜ ಬೈಯುತ್ತಿದ್ದ, ಹೊನ್ನೂರ ಹೇಳಿದ್ದೆನಲ್ಲ ಎನ್ನುತ್ತಿದ್ದ, ಮುಗಿಯುತ್ತಿತ್ತು. ಆದರೆ ಬಸವರಾಜ ಫೋನು ತೋರಿಸುತ್ತ, "ಹ್ಯಾಂಗ ಆಗಿರಬೇಕಿದು?" ಎಂದುಬಿಟ್ಟ. ಯಾರು ಎಂದು ಕೇಳಿದ್ದರೆ ಬಾಯಿಬಿಡುತ್ತಿದ್ದೆನೇನೋ. ಹ್ಯಾಂಗ ಎಂದರೆ ನನಗದು ಚರ್ಚೆಯ ವಿಷಯ. ನಾನು ಚೀಟಿ ಎತ್ತಿದೆ.

"ಆ ಹೊತ್ತಿನ ಪಾಳಿ ಯಾರ್ದು?" ಎಂದೆ.

"ನಮ್ದು. ಆದರ ನಾವು ಸಂಡೂರಾಗಿದ್ವಲ್ಲ," ಎಂದ ಹೊನ್ನೂರ.

"ಕಂಪ್ಯೂಟರ್ ಬಂದ್ ಮಾಡಿ ಹೋಗಿದ್ರೇನು?"

ಅವನು ಯೋಚಿಸಿದ. ಪಾಪ, ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ... ಹೊಸಾ ಪ್ಯಾಚ್ ಇಳಿಯಾಕ ಹಚ್ಚಿ ಹೋಗಿದ್ದೆ."

"ಆ ಪ್ಯಾಚ್ ಮಾಡಿದ್ದು ಯಾರು?"

"ಹೆಸರು ಹಾಕಂಗಿಲ್ಲ ಅವನು."

"ಮನ್ಯಾಗ ಯಾರೂ ಇಲ್ಲ. ಮಷೀನು ಚಾಲೂ ಐತಿ. ಹೆಸರಿಲ್ಲದವನ ಫೈಲು ಇಳೀಲಿಕತ್ತೈತಿ. ನನ್ನ ಲ್ಯಾಪ್‌ಟಾಪಿನಾಗ ಅಂಥದ್ದಿಲ್ಲ, ಬಸ್ಯಾನ ಗಿರಣಿ ಕಂಪ್ಯೂಟರಿನಾಗ ಇಲ್ಲ. ಮತ್ತೇನು ಉಳೀತು, ನೀನ ಹೇಳು."

ಒಂದು ಪದವೂ ಸುಳ್ಳಿರಲಿಲ್ಲ, ಗಮನಿಸಿ. ಪ್ರತಿ ಪ್ರಶ್ನೆಯೂ ನಿಜ, ಪ್ರತಿ ಉತ್ತರವೂ ನಿಜ. ಅವನ್ನು ಸಾಲಾಗಿ ನಿಲ್ಲಿಸಿದ ರೀತಿ ಮಾತ್ರ ನನ್ನದು. ಅದಕ್ಕೇ ಅದು ಬರೀ ಸುಳ್ಳಿಗಿಂತ ಗಟ್ಟಿಯಾಯಿತು.

ಬಸವರಾಜ ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟ. "ಲೇ ಹೊನ್ನೂರ, ಬಾಗಲ ತಗದಿಟ್ಟು ಮದಿವಿಗಿ ಹೋದಂಗಾತಲ್ಲೋ."

ಹೊನ್ನೂರ ತಿನ್ನುವುದನ್ನು ಬಿಟ್ಟು ಕೈ ಒರೆಸಿಕೊಂಡ. ಆಮೇಲೆ ಕೇಳಿದ, "ಮೇಲ್‌ನಾಗ ಯಾವ ದೇಶ ಅಂತ ಬರದಾರ?"

"ಪೋಲೆಂಡ್," ಎಂದೆ. ಬಸವರಾಜ ಹೇಳುವ ಮೊದಲೇ ಹೇಳಿದೆ.

ಹೊನ್ನೂರ ನನ್ನ ಮುಖ ನೋಡಿದ. ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಒಂದು ಪಾರಿವಾಳ ಇಳಿದು, ನೀರಿಲ್ಲದ್ದನ್ನು ಕಂಡು ಹಾರಿಹೋಯಿತು. ಅವನು ನೋಡುತ್ತಲೇ ಇದ್ದ.

"ಹೌದು ಬಿಡ್ರಿ," ಎಂದ. "ನಂದ ತಪ್ಪು."

ನನಗೆ ಗೆದ್ದಷ್ಟು ಹಗುರವೆನಿಸಿತು. ಇದನ್ನು ಬರೆಯದೆ ಬಿಟ್ಟರೆ ಈ ನಿವೇದನೆಗೆ ಅರ್ಥವಿಲ್ಲ. ನಾಚಿಕೆಗಿಂತ ಮೊದಲು ಬಂದದ್ದು ಅದು, ಪಾರಿತೋಷಕ ಎತ್ತಿಕೊಂಡಾಗ ಆಗುವಂಥದ್ದೇ.

ಆಮೇಲೂ ಒಂದು ಬಾಗಿಲು ತೆರೆದಿತ್ತು. ಅಂಗಡಿಯವರು ಬರೆದು ಕೇಳಿದರು: ದೇಶ ಬದಲಿಸಿದ್ದು ನಿಮ್ಮಲ್ಲೇ ಯಾರಾದರೂ ಹೌದೇ? ಹೌದಾದರೆ ತಿಳಿಸಿ, ಮೊದಲ ಸಲವಾದ್ದರಿಂದ ಹಳೆಯ ಸ್ಥಿತಿಗೆ ತಂದು ಬೀಗ ತೆಗೆಯುತ್ತೇವೆ. ಕಂಪ್ಲಿಯ ಕಾಲುವೆಯ ಮೇಲಿನ ನಿಯಮವೇ, ಬೇರೆ ಭಾಷೆಯಲ್ಲಿ. ಉತ್ತರ ಬರೆಯುವ ಕೆಲಸ ನನಗೆ ಬಂತು — ಇಂಗ್ಲಿಷು ನನ್ನದು ಚೆನ್ನಾಗಿದೆಯಲ್ಲ. ನಮ್ಮಲ್ಲಿ ಯಾರೂ ಅಲ್ಲ ಎಂದು ಬರೆದೆ. ಸ್ನೇಹಿತನೊಬ್ಬನ ಕಂಪ್ಯೂಟರಿನಿಂದ ಪಾಸ್‌ವರ್ಡ್ ಸೋರಿಹೋಗಿರಬೇಕೆಂದೂ ಬರೆದೆ. ಹಾಗಾದರೆ ಅಕೌಂಟನ್ನು ಹಲವರು ಬಳಸುತ್ತಿದ್ದೀರಿ, ಅದಕ್ಕೆ ಅವಕಾಶವಿಲ್ಲ ಎಂದು ಅವರು ಕಾಯಂ ಮುಚ್ಚಿದರು. ನಮ್ಮ ಪ್ರದೇಶದಲ್ಲಿ ಆ ಆಟವನ್ನು ಮತ್ತೆ ಕೊಳ್ಳುವ ದಾರಿ ಇರಲಿಲ್ಲ. ಕಾಕಾ ಕಟ್ಟಿದ ಹಳಿಗಳು ಹೊನ್ನೂರನ ಕಂಪ್ಯೂಟರಿನಲ್ಲಿ ಹಾಗೆಯೇ ಇದ್ದವು. ಅವನ್ನು ತೆರೆಯುವ ಆಟ ಇರಲಿಲ್ಲ.

ಆಟ ಹೋದದ್ದು ಸಣ್ಣದು ಎನ್ನುವವರ ಜೊತೆ ನಾನು ಜಗಳ ಕಾಯುವುದಿಲ್ಲ. ದೊಡ್ಡದು ಬೇರೆ ಇದೆ.

ಹೊನ್ನೂರ ಆಗ ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಡುವ ತಯಾರಿಯಲ್ಲಿದ್ದ. ಮಳಿಗೆ ನೋಡಿಯಾಗಿತ್ತು. ಬೋರ್ಡಿನ ಬಣ್ಣದ ಬಗ್ಗೆ ನನ್ನೊಂದಿಗೆ ವಾದವನ್ನೂ ಮಾಡಿದ್ದ. ಬಾವಿಯ ಆ ದಿನದ ನಂತರ ಅವನು ಅದರ ಮಾತೆತ್ತಲಿಲ್ಲ. ಕೇಳಿದ್ದಕ್ಕೆ, "ಗೆಳ್ಯಾರದ ಕಾಯಾಕ ಆಗಲಿಲ್ಲ, ಮಂದಿ ಮಷೀನು ಹ್ಯಾಂಗ ಇಟ್ಕಳ್ಳಿ," ಎಂದ. ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ಆಗ ನಾನು ಅವನಿಗೆ ಧೈರ್ಯ ಹೇಳಿದೆ. ಹೌದು — ನಾನೇ. ಎಲ್ಲರೂ ತಪ್ಪು ಮಾಡುತ್ತಾರೆ ಹೊನ್ನೂರ, ಎಂದೆ.

ಕಳೆದ ತಿಂಗಳು ಬಸವರಾಜ ಫೋನಿನಲ್ಲಿರುವ ನಮ್ಮ ಮೂವರ ಗುಂಪಿಗೆ ಒಂದು ಲಿಂಕು ಹಾಕಿದ. ಯಾವುದೋ ಹೊಸ ಕಂಪನಿ ಆ ಹಳೆಯ ಆಟದ ಹಕ್ಕು ಕೊಂಡು, ಸುರಂಗ ಗಿರಂಗ ಎಲ್ಲ ಸರಿಮಾಡಿ, ಎರಡೂ ಭಾಗ ಸೇರಿಸಿ ಮಾರಾಟಕ್ಕಿಟ್ಟಿದೆ. ನಮ್ಮ ಪ್ರದೇಶದಲ್ಲೂ. ಕೆಳಗೆ ಬರೆದಿದ್ದ: ಈ ಸಲ ಹೊನ್ನೂರಗ ಮುಟ್ಟಾಕ ಕೊಡಬ್ಯಾಡ್ರಪ್ಪ. ಹೊನ್ನೂರ ಹೆಬ್ಬೆಟ್ಟು ಎತ್ತಿದ ಚಿತ್ರ ಒತ್ತಿದ.

ನಾನು ಅದನ್ನು ಕೊಂಡು, ಲ್ಯಾಪ್‌ಟಾಪ್ ಹಿಡಿದು ಕುರೆಕುಪ್ಪಕ್ಕೆ ಹೋದೆ. ಹೇಳಲೆಂದೇ ಹೋದೆ.

ಕಾಕಾ ಬಾಗಿಲಲ್ಲೇ ಗುರುತು ಹಿಡಿದರು. "ಬಾರವ್ವ ಲಾಯರಮ್ಮ, ಕುಂದ್ರು. ಭಾಳ ದಿನ ಆತು." ಆಟ ತೆರೆದುಕೊಟ್ಟೆ. ಅದಿರಿನ ಗಾಡಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು.

"ಬಣ್ಣ ಸರಿ ಇಲ್ಲ," ಎಂದರು. "ಅದಿರು ಇಷ್ಟ್ ಚೆಂದ ಇರಂಗಿಲ್ಲ. ಕುಂಕುಮದಂಗ ಮಾಡ್ಯಾರ ನೋಡು." ಆದರೆ ಕೈ ಮೌಸಿನಿಂದ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಕ ತಗಿ, ಹಿಂದಕ ತಗಿ ಶುರುವಾಯಿತು. ನನಗೆ ಉಸಿರು ಬಂತು.

ನಡುವೆ ಒಮ್ಮೆ, ತೆರೆಯಿಂದ ಕಣ್ಣು ತೆಗೆಯದೆ ಹೇಳಿದರು: "ನನ್ನ ಆಟ ಹೋದದ್ದು ಹೋತು ಬಿಡವ್ವ. ಈ ಹುಡುಗ ಅವತ್ತಿಂದ ಇದ್ಯಾವುದ್ನೂ ಮುಟ್ಟವಲ್ಲ. ಮನಿ ಟಿವಿ ಕೆಟ್ರೂ ಬ್ಯಾರೇರ್ನ ಕರಸ್ತಾನ. ಮೊದಲ ಹಂಗಿರಲಿಲ್ಲ ಅವನು. ನಿನಗ ಗೊತ್ತೈತಲ್ಲ."

ಗೊತ್ತಿದೆ ಕಾಕಾ. ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಹೊನ್ನೂರ ಪಾಳಿ ಮುಗಿಸಿ ಬಂದ — ಈಗ ಕಾರ್ಖಾನೆಯ ಪಾಳಿ. ಬಾಗಿಲಲ್ಲಿ ನಿಂತು ತೆರೆ ನೋಡಿದ, ನನ್ನನ್ನು ನೋಡಿದ. "ಅದಿರು ಬಂತೇನಪ್ಪ?" ಎಂದು ಅಪ್ಪನನ್ನು ಕೇಳಿದ. ಮುಖದಲ್ಲಿ ಸಂತೋಷವೇ ಇತ್ತು. ಆಗಲೇ ಆಟ ಹಾಗೇ ನಿಂತುಬಿಟ್ಟಿತು. ಗಾಡಿ ಸೇತುವೆಯ ಮೇಲೆ ಅಲುಗಾಡಲಿಲ್ಲ.

"ಏನಾತು ನೋಡಲೇ," ಎಂದರು ಕಾಕಾ.

ಹೊನ್ನೂರ ಒಂದು ಹೆಜ್ಜೆ ಮುಂದೆ ಬಂದ. ಒತ್ತಬೇಕಾದ ಕೀಲಿ ಯಾವುದೆಂದು ಅವನಿಗೆ ಗೊತ್ತಿತ್ತು. ಅವನ ಕಣ್ಣು ಅಲ್ಲೇ ಹೋಗಿ ನಿಂತದ್ದನ್ನು ಕಂಡೆ. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡ.

"ನಾನ್ ಬ್ಯಾಡಪ್ಪ. ಪಲ್ಲವಿ ನೋಡ್ತಾಳ."

ನಾನು ನೋಡಿದೆ. ಸರಿಮಾಡಿದೆ. ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಹೇಳಲಿಲ್ಲ. ಇದು ಎರಡನೆಯ ಸಲ — ಅಲ್ಲ, ಅಂಗಡಿಯವರಿಗೆ ಬರೆದದ್ದನ್ನೂ ಸೇರಿಸಿದರೆ ಮೂರನೆಯದು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕುಳಿತರೆ ನಾನು ವಾದಕ್ಕಿಳಿಯುತ್ತೇನೆ, ನನ್ನ ಬಾಯಿಯ ಮೇಲೆ ನನಗೆ ಭರವಸೆಯಿಲ್ಲ. ಇದು ಬೇರೆ ಯಾರ ಕೈ ಸೇರುವ ಮೊದಲು ನಮ್ಮ ಮೂವರ ಗುಂಪಿಗೆ ಬಂದಿರುತ್ತದೆ. ಬಸವರಾಜ, ನಿನ್ನ ನಿಯಮ ಮುರಿದವಳು ನಾನು. ನನ್ನ ಪಾಳಿಗಳೆಲ್ಲ ಹೋಗಲಿ. ಕಾಕಾ, ನಿಮ್ಮ ಹಳಿಗಳನ್ನು ಮುಚ್ಚಿದವಳು ನಾನು. ನಿಮ್ಮ ಮಗನ ಕೈಯಲ್ಲಿ ದೋಷವಿರಲಿಲ್ಲ, ಎಂದೂ ಇರಲಿಲ್ಲ. ಇನ್ನು ಮೇಲೆ ಯಾರಾದರೂ ಆ ಹಾಳು ತಮಾಷೆ ಮಾಡಿದರೆ ನನ್ನ ಹೆಸರು ಹೇಳಿ.

ಹೊನ್ನೂರ, ನಿನ್ನ ಕ್ಷಮೆಗೆ ನಾನು ವಾದ ಕಟ್ಟುವುದಿಲ್ಲ. ಆದರೆ ಒಂದು ವಿಷಯವನ್ನು ಎರಡೂ ಕಡೆಯಿಂದ ನಿಂತು ನೋಡಿದ್ದೇನೆ, ತೀರ್ಪು ಸಿಕ್ಕಿಲ್ಲ. ಪೋಲೆಂಡಿನ ಹೆಸರನ್ನು ನನಗೆ ಕೊಟ್ಟವನು ನೀನು. ಮಾಡಬ್ಯಾಡ ಎಂದವನೂ ನೀನು. ಆ ದಿನ ಆ ಹೆಸರು ನನ್ನ ಬಾಯಿಂದಲೇ ಕೇಳಿ, ಅಷ್ಟು ಹೊತ್ತು ನನ್ನ ಮುಖ ನೋಡಿ, ಆಮೇಲೆ 'ನಂದ ತಪ್ಪು' ಎಂದೆ ನೀನು. ನಿಜ ಹೇಳು — ಆ ಮೆಟ್ಟಿಲ ಮೇಲೆ ನೀನು ನನ್ನ ಮಾತು ನಂಬಿ ಸೋತೆಯಾ, ಇಲ್ಲಾ ನನ್ನನ್ನು ಉಳಿಸಲು ಸೋತೆಯಾ?